‘ಬೇಜಾರಾಗಿದೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆ

ಭಾನುವಾರ ಮಧ್ಯಾಹ್ನ ಮಾಡಲು ಕೆಲಸವಿಲ್ಲ, ಬೇಜಾರು. ಗೃಹಪ್ರವೇಶಕ್ಕೆ ಸ್ವಂತ ಅಣ್ಣ ಕರೆಯಲಿಲ್ಲ, ಬೇಜಾರು. ಪ್ರಮೋಷನ್ ಕೈತಪ್ಪಿತು, ಬೇಜಾರು. ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕುತ್ತಾರೆ, ಅದೂ ಬೇಜಾರು. ಕನ್ನಡದಲ್ಲಿ ಒಂದೇ ಮಾತು ನಾಲ್ಕೂ ಕಡೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೆ ನಾಲ್ಕು ಪದ ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕೇಳುವವರು ನಿಮ್ಮ ಮನಸ್ಸಿನಲ್ಲಿ ಇಲ್ಲದ್ದನ್ನು ಅರ್ಥಮಾಡಿಕೊಳ್ಳುತ್ತಾರೆ.

ಆದ್ದರಿಂದ ಬಾಯಿ ತೆರೆಯುವ ಮೊದಲು ಮೂರು ವಿಷಯ ಗೊತ್ತುಮಾಡಿಕೊಳ್ಳಿ. ಈ ಬೇಜಾರು ಯಾವ ಬಗೆಯದು? ಎಷ್ಟರ ಮಟ್ಟಿನದು? ವ್ಯಕ್ತಿಯ ಮೇಲೋ, ನಡೆದ ಸಂಗತಿಯ ಬಗ್ಗೆಯೋ? ಪದಗಳು ಬಹಳ ಜನರಿಗೆ ಗೊತ್ತಿರುತ್ತವೆ. ಎಡವುವುದು ಈ ಎರಡನೆಯ, ಮೂರನೆಯ ಪ್ರಶ್ನೆಗಳಲ್ಲಿ.

ಯಾವ ಬಗೆಯ ಬೇಜಾರು

ಹೊತ್ತು ಹೋಗುತ್ತಿಲ್ಲ ಎಂಬ ಬೇಜಾರಿಗೆ ಮಾತ್ರ ‘ಬೋರ್ಡ್’. ಮನಸ್ಸಿಗೆ ನೋವಾದ ಕಡೆ ಅದನ್ನು ಬಳಸಲೇಬಾರದು. ಅಣ್ಣ ಕರೆಯದ ಬೇಜಾರಿಗೆ ‘ಐ ವಾಸ್ ಹರ್ಟ್’ ಅಥವಾ ‘ಐ ಫೆಲ್ಟ್ ಹರ್ಟ್’ ಎನ್ನಿ. ಇಲ್ಲಿ ‘ಐ ಗಾಟ್ ಹರ್ಟ್’ ಎಂದರೆ ಮೊದಲು ಬರುವ ಅರ್ಥ ಬಿದ್ದು ಪೆಟ್ಟಾಯಿತು ಎಂದು, ಕೇಳಿದವರು ‘ಎಲ್ಲಿ?’ ಎಂದು ಕೈಕಾಲು ನೋಡಿಯಾರು.

ಪ್ರಮೋಷನ್ ಸಿಗುತ್ತದೆ ಎಂದುಕೊಂಡಿದ್ದು ಸಿಗದಿದ್ದರೆ ‘ಡಿಸಪಾಯಿಂಟೆಡ್’. ಈ ಪದದ ಒಳಗೆ ಒಂದು ನಿರೀಕ್ಷೆ ಇರುತ್ತದೆ. ನೀವು ಏನನ್ನೂ ನಿರೀಕ್ಷಿಸಿರದ ಕಡೆ ಅದು ಹೊಂದುವುದಿಲ್ಲ. ಮಿಕ್ಸಿ ಸದ್ದಿನ ಕಿರಿಕಿರಿಗೆ ‘ಅನಾಯ್ಡ್’ ಅಥವಾ ‘ಇರಿಟೇಟೆಡ್’. ಅದೇ ಸದ್ದು ತಿಂಗಳುಗಟ್ಟಲೆ ನಡೆದು ‘ಸಾಕಪ್ಪಾ ಸಾಕು’ ಎನಿಸಿದಾಗ ‘ಫೆಡ್ ಅಪ್’. ಹೇಳಿ ನೋಡಿದ್ದಾಯಿತು, ಅಸೋಸಿಯೇಷನ್‌ಗೆ ಬರೆದದ್ದಾಯಿತು, ಏನು ಮಾಡಿದರೂ ನಿಲ್ಲುತ್ತಿಲ್ಲ ಎಂಬ ಕೈಲಾಗದ ಸ್ಥಿತಿಗೆ ‘ಫ್ರಸ್ಟ್ರೇಟೆಡ್’. ಸಿಟ್ಟು ಬಂದಾಗಲೆಲ್ಲ ‘ಫ್ರಸ್ಟ್ರೇಟ್ ಆಗಿದೀನಿ’ ಎನ್ನುವ ರೂಢಿ ನಮ್ಮಲ್ಲಿದೆ. ಆದರೆ ಪ್ರಯತ್ನ ಪಟ್ಟು ತಡೆ ಎದುರಾದಾಗ ಮಾತ್ರ ಆ ಪದಕ್ಕೆ ಜೀವ.

ಇನ್ನು ‘ಅಪ್‌ಸೆಟ್’. ಇದು ಕನ್ನಡದ ಬೇಜಾರಿಗೆ ಎಲ್ಲಕ್ಕಿಂತ ಹತ್ತಿರದ ಪದ. ದುಃಖವೂ ಇರಬಹುದು, ಸಿಟ್ಟೂ ಇರಬಹುದು, ಎರಡೂ ಕಲಸಿರಬಹುದು. ಯಾವುದು ಎಂದು ಗೊತ್ತಾಗದಿದ್ದಾಗ ಇದನ್ನೇ ಹಿಡಿಯಿರಿ, ಬಹುಮಟ್ಟಿಗೆ ತಪ್ಪಾಗುವುದಿಲ್ಲ. ಸರಕು, ಸೇವೆಗಳ ವಿಚಾರದಲ್ಲಿ ಮಾತ್ರ ಇದು ಅತಿಯಾಗುತ್ತದೆ. ಹೋಟೆಲಿನ ಕೋಣೆ ಚೆನ್ನಾಗಿಲ್ಲ ಎಂದು ‘ಅಪ್‌ಸೆಟ್’ ಎಂದರೆ ಕಣ್ಣೀರು ಹಾಕಿದಂತೆ ಕೇಳಿಸುತ್ತದೆ. ಅಲ್ಲಿ ‘ಐಯಾಮ್ ನಾಟ್ ಹ್ಯಾಪಿ ವಿತ್ ದ ರೂಮ್’ ಎಂಬ ಸರಳ ಮಾತೇ ಸಾಕು. ‘ನಾಟ್ ಹ್ಯಾಪಿ’ ಮೃದುವಾಗಿ ಕಂಡರೂ ರಿಸೆಪ್ಷನ್ನಿನಲ್ಲಿ ಕುಳಿತವರಿಗೆ ಅದರ ತೂಕ ಚೆನ್ನಾಗಿ ಗೊತ್ತು.

ಎರಡು ಪದಗಳನ್ನು ನಮ್ಮವರು ಅಷ್ಟಾಗಿ ಬಳಸುವುದಿಲ್ಲ, ಬಳಸಬೇಕು. ಅನ್ಯಾಯ ಕಂಡು ಬರುವ ಸಿಟ್ಟು ‘ಇಂಡಿಗ್ನೆಂಟ್’. ಹೊರಗೆ ಹೇಳದೆ ಒಳಗೊಳಗೇ ಕುದಿಯುವ ಅಸಮಾಧಾನವನ್ನು ‘ರಿಜೆಂಟ್’ ಎಂಬ ಕ್ರಿಯಾಪದ ಹಿಡಿಯುತ್ತದೆ. ಇದಕ್ಕೆ ನಡುವೆ ‘ವಿತ್’, ‘ಆನ್’ ಎಂಬಂಥ ಯಾವ ಪದವೂ ಬೇಡ: ‘ಶಿ ರಿಜೆಂಟ್ಸ್ ಹರ್ ಬಾಸ್’, ‘ಐ ರಿಜೆಂಟ್ ದಟ್ ರಿಮಾರ್ಕ್’.

ಎಷ್ಟು ಸಿಟ್ಟು

ಕೆಳಗಿನಿಂದ ಮೇಲಕ್ಕೆ ಹೋದರೆ ಸುಮಾರಾಗಿ ಹೀಗೆ: ‘ಅನಾಯ್ಡ್’, ಅದರ ಮೇಲೆ ‘ಆ್ಯಂಗ್ರಿ’, ಅದರ ಮೇಲೆ ‘ಫ್ಯೂರಿಯಸ್’, ತುತ್ತತುದಿಯಲ್ಲಿ ‘ಲಿವಿಡ್’. ದಿನನಿತ್ಯದ ಹತ್ತರಲ್ಲಿ ಎಂಟು ಸಂದರ್ಭಕ್ಕೆ ‘ಅನಾಯ್ಡ್’ ಸಾಕು ಎಂಬುದು ನಮ್ಮ ಅನಿಸಿಕೆ. ‘ಆ್ಯಂಗ್ರಿ’ ಎಂದರೆ ಇಂಗ್ಲಿಷಿನವರಿಗೆ ದೊಡ್ಡ ಮಾತು. ಮೊಸರಿಗೆ ನೀರು ಜಾಸ್ತಿಯಾಯಿತು ಎಂದು ಆ ಪದ ತೆಗೆದರೆ ಜಗಳಕ್ಕೆ ಬಂದಂತೆ ಆಗುತ್ತದೆ.

ಮುಂದೆ ಹಾಕುವ ಪದದಲ್ಲೂ ಲೆಕ್ಕವಿದೆ. ‘ವೆರಿ ಆ್ಯಂಗ್ರಿ’ ಸರಿ, ‘ವೆರಿ ಅನಾಯ್ಡ್’ ಸರಿ. ಆದರೆ ‘ವೆರಿ ಫ್ಯೂರಿಯಸ್’ ಕಿವಿಗೆ ಒಗ್ಗುವುದಿಲ್ಲ. ‘ಬಹಳ’ ಎಂಬುದು ಆ ಪದದಲ್ಲೇ ಅಡಗಿದೆ. ಅಲ್ಲಿ ‘ಆ್ಯಬ್ಸಲ್ಯೂಟ್ಲಿ ಫ್ಯೂರಿಯಸ್’ ಎನ್ನುತ್ತಾರೆ. ‘ಡಿಸಪಾಯಿಂಟೆಡ್’ಗೆ ‘ಡೀಪ್ಲಿ’ ಅಥವಾ ‘ಬಿಟರ್ಲಿ’, ‘ಫೆಡ್ ಅಪ್’ಗೆ ‘ಕಂಪ್ಲೀಟ್ಲಿ’ ಅಥವಾ ‘ಥರೋಲಿ’ ಜೊತೆಯಾಗಿ ಬರುತ್ತವೆ.

ದೇಶ ಬದಲಾದರೆ ಅರ್ಥವೂ ಬದಲಾಗುವ ಪದಗಳಿವೆ, ಲಂಡನ್ನಿನಲ್ಲೋ ಡಲ್ಲಾಸಿನಲ್ಲೋ ಇರುವವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಮೆರಿಕದಲ್ಲಿ ‘ಮ್ಯಾಡ್’ ಎಂದರೆ ಮಾಮೂಲಿ ಸಿಟ್ಟು. ಬ್ರಿಟನ್ನಿನಲ್ಲಿ ಮೊದಲು ಹೊಳೆಯುವುದು ತಲೆಕೆಟ್ಟವನು ಎಂಬ ಅರ್ಥ. ‘ಹಿ ಈಸ್ ಮ್ಯಾಡ್ ಅಬೌಟ್ ಕ್ರಿಕೆಟ್’ ಎಂದರೆ ಎರಡೂ ಕಡೆ ಕ್ರಿಕೆಟ್ ಹುಚ್ಚು. ಕ್ರಿಕೆಟ್ ಮೇಲೆ ಸಿಟ್ಟು ಎಂದು ಸಾಮಾನ್ಯವಾಗಿ ಯಾರೂ ತಿಳಿಯುವುದಿಲ್ಲ. ‘ಪಿಸ್ಡ್’ ಅಮೆರಿಕದಲ್ಲಿ ಸಿಟ್ಟು, ಬ್ರಿಟನ್ನಿನಲ್ಲಿ ಕುಡಿದು ಚಿತ್ತಾಗಿರುವುದು. ‘ಪಿಸ್ಡ್ ಆಫ್’ ಎರಡೂ ಕಡೆ ಸಿಟ್ಟೇ, ಆದರೆ ಒರಟು ಮಾತು. ಸಿನಿಮಾದಲ್ಲಿ ಕೇಳಿದ್ದನ್ನು ಆಫೀಸಿನ ಮೀಟಿಂಗಿಗೆ ತರಬೇಡಿ. ಬ್ರಿಟಿಷ್ ಮನೆಗಳಲ್ಲಿ ಮಕ್ಕಳಿಗೆ ಸಂಬಂಧಿಸಿದ ಸಣ್ಣ ಸಿಟ್ಟಿಗೆ ‘ಕ್ರಾಸ್’ ಎನ್ನುತ್ತಾರೆ: ‘ಮಮ್ಮಿ ಈಸ್ ಕ್ರಾಸ್ ವಿತ್ ಯು’.

‘ಕ್ವೈಟ್’ ಇನ್ನೂ ಮೋಸದ್ದು. ‘ಐಯಾಮ್ ಕ್ವೈಟ್ ಡಿಸಪಾಯಿಂಟೆಡ್’ ಎಂದು ಅಮೆರಿಕದವರು ಹೇಳಿದರೆ ಬಹಳ ನಿರಾಶೆ ಎಂದರ್ಥ. ಬ್ರಿಟಿಷರು ಹೇಳಿದರೆ ಪದದ ಮಟ್ಟಿಗೆ ‘ಒಂದಷ್ಟು’ ಮಾತ್ರ. ಆದರೆ ಅವರು ಇರುವುದಕ್ಕಿಂತ ಕಡಿಮೆ ಮಾಡಿ ಹೇಳುವ ಜನ. ‘ನಾಟ್ ಐಡಿಯಲ್’, ‘ಅ ಬಿಟ್ ಡಿಸಪಾಯಿಂಟಿಂಗ್’ ಎಂದು ಮೇಲ್ ಬಂದಿದ್ದರೆ ‘ಸ್ವಲ್ಪ ತಾನೇ’ ಎಂದು ಕೈಕಟ್ಟಿ ಕೂರಬೇಡಿ, ಅಂದೇ ಉತ್ತರಿಸಿ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದ ವಾಕ್ಯದಲ್ಲಿ ಮುಂದೆ ಬರುವುದು ಸಾಮಾನ್ಯವಾಗಿ ಗೌರವವಲ್ಲ, ವಿರೋಧ.

‘ಮೇಲೆ’ ಎಂದರೆ ‘ಆನ್’ ಅಲ್ಲ

ನಮ್ಮ ಸಿಟ್ಟು ಯಾವಾಗಲೂ ಯಾರದಾದರೂ ‘ಮೇಲೆ’ ಬರುತ್ತದೆ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟು ‘ಹಿ ಗಾಟ್ ಆ್ಯಂಗ್ರಿ ಆನ್ ಮಿ’, ‘ಶಿ ಶೌಟೆಡ್ ಆನ್ ಮಿ’ ಎನ್ನುತ್ತೇವೆ. ಎರಡೂ ತಪ್ಪು. ವ್ಯಕ್ತಿಯಾದರೆ ‘ಆ್ಯಂಗ್ರಿ ವಿತ್’ ಅಥವಾ ‘ಆ್ಯಂಗ್ರಿ ಆ್ಯಟ್’. ಸಂಗತಿಯಾದರೆ ‘ಆ್ಯಂಗ್ರಿ ಅಬೌಟ್’. ಮಾಡಿದ ಕೆಲಸವಾದರೆ ‘ಫಾರ್’. ಇವನ್ನು ಒಂದೇ ವಾಕ್ಯದಲ್ಲಿ ಕೂಡಿಸಬಹುದು: ‘ಶಿ ವಾಸ್ ಆ್ಯಂಗ್ರಿ ವಿತ್ ಹಿಮ್ ಫಾರ್ ಕಮಿಂಗ್ ಲೇಟ್’, ‘ದೇ ಆರ್ ಆ್ಯಂಗ್ರಿ ವಿತ್ ದ ಬಿಲ್ಡರ್ ಅಬೌಟ್ ದ ಡಿಲೇ’.

ಕೂಗುವುದು ‘ಶೌಟ್ ಆ್ಯಟ್’. ‘ಶೌಟ್ ಟು’ ಎಂದರೆ ಬೈಯುವುದಲ್ಲ, ದೂರದಲ್ಲಿರುವವರಿಗೆ ಕೇಳಲಿ ಎಂದು ಕೂಗಿ ಹೇಳುವುದು. ಒಂದು ಪುಟ್ಟ ಪದದಲ್ಲಿ ಜಗಳವೂ ಇದೆ, ಸಹಾಯವೂ ಇದೆ.

‘ಡಿಸಪಾಯಿಂಟೆಡ್’ ಜೊತೆ ಇನ್ನೂ ನಯವಾದ ವ್ಯತ್ಯಾಸವಿದೆ. ‘ಐಯಾಮ್ ಡಿಸಪಾಯಿಂಟೆಡ್ ವಿತ್ ದ ರಿಸಲ್ಟ್’ ಎಂದರೆ ಫಲಿತಾಂಶ ಸಮಾಧಾನ ತಂದಿಲ್ಲ, ಅಷ್ಟೆ. ‘ಐಯಾಮ್ ಡಿಸಪಾಯಿಂಟೆಡ್ ಇನ್ ಯು’ ಎಂದರೆ ನಿಮ್ಮ ಬಗ್ಗೆ ಇದ್ದ ಒಳ್ಳೆಯ ಅಭಿಪ್ರಾಯವೇ ಹೋಯಿತು ಎಂದು. ತಂದೆ ಮಗನಿಗೆ ಹೇಳಿದರೆ ಅದು ಬೈಗುಳಕ್ಕಿಂತ ಜೋರಾಗಿ ನಾಟುತ್ತದೆ. ಜೂನಿಯರ್ ಒಬ್ಬರ ಸ್ಲೈಡ್‌ನಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಇದನ್ನು ಖರ್ಚು ಮಾಡಬೇಡಿ.

‘ಅಪ್‌ಸೆಟ್ ವಿತ್’ ವ್ಯಕ್ತಿಗೆ, ‘ಅಪ್‌ಸೆಟ್ ಅಬೌಟ್’ ಸಂಗತಿಗೆ. ‘ಫೆಡ್ ಅಪ್’ಗೆ ‘ವಿತ್’; ‘ಆಫ್’ ಹಾಕುವುದು ಬ್ರಿಟನ್ನಿನ ಆಡುಮಾತಿನಲ್ಲಿ ಕೇಳಿಸುತ್ತದೆ, ಪರೀಕ್ಷೆಯಲ್ಲಿ ಬೇಡ. ‘ಸಿಕ್’ ಮತ್ತು ‘ಟೈರ್ಡ್’ಗೆ ‘ಆಫ್’. ಅದರಲ್ಲೂ ‘ಟೈರ್ಡ್ ಫ್ರಮ್ ವರ್ಕ್’ ಎಂದರೆ ದುಡಿದು ದಣಿವು, ‘ಟೈರ್ಡ್ ಆಫ್ ವರ್ಕ್’ ಎಂದರೆ ಕೆಲಸವೇ ಸಾಕಾಗಿದೆ. ಮ್ಯಾನೇಜರಿಗೆ ಯಾವುದನ್ನು ಹೇಳುತ್ತಿದ್ದೀರಿ ಎಂದು ನೋಡಿಕೊಂಡು ಹೇಳಿ.

ಕನ್ನಡದ ಇನ್ನೊಂದು ಜಾಡು ವಾಕ್ಯದ ಮೊದಲಲ್ಲೇ ಸಿಗುತ್ತದೆ. ನಮಗೆ ಸಿಟ್ಟು ‘ಬರುತ್ತದೆ’, ಕೋಪ ‘ಇರುತ್ತದೆ’. ‘ಐ ಹ್ಯಾವ್ ಆ್ಯಂಗರ್ ಆನ್ ಹಿಮ್’ ಹುಟ್ಟುವುದು ಅಲ್ಲಿಂದ. ಇಂಗ್ಲಿಷಿನಲ್ಲಿ ಮನುಷ್ಯನೇ ಸಿಟ್ಟಾಗುತ್ತಾನೆ: ‘ಐಯಾಮ್ ಆ್ಯಂಗ್ರಿ ವಿತ್ ಹಿಮ್’, ‘ಐ ಗಾಟ್ ಆ್ಯಂಗ್ರಿ’. ತಾಳ್ಮೆ ಕಳೆದುಕೊಂಡು ರೇಗಿದ್ದಾದರೆ ‘ಐ ಲಾಸ್ಟ್ ಮೈ ಟೆಂಪರ್’. ಮುಂಗೋಪಿಗೆ ‘ಶಾರ್ಟ್-ಟೆಂಪರ್ಡ್’.

ಹಾಗೆಯೇ ‘ಇಂಗ್’ ಮತ್ತು ‘ಎಡ್’. ಸಿಟ್ಟು ತರಿಸುವುದಕ್ಕೆ ‘ಇಂಗ್’, ಸಿಟ್ಟಾದವರಿಗೆ ‘ಎಡ್’. ‘ಐಯಾಮ್ ಇರಿಟೇಟಿಂಗ್’ ಎಂದರೆ ‘ನಾನು ಜನರಿಗೆ ತಲೆನೋವು’ ಎಂದು ನೀವೇ ಒಪ್ಪಿಕೊಂಡಂತೆ. ‘ಐಯಾಮ್ ಬೋರಿಂಗ್’ ಕೂಡ ಹಾಗೇ. ಟ್ರಾಫಿಕ್ ಇರಿಟೇಟಿಂಗ್, ನೀವು ಇರಿಟೇಟೆಡ್.

ನಮ್ಮ ಇಂಗ್ಲಿಷ್, ಅವರ ಇಂಗ್ಲಿಷ್

ಕನ್ನಡದೊಳಗೆ ಸೇರಿಹೋದ ಕೆಲವು ಇಂಗ್ಲಿಷ್ ಪದಗಳು ಇಲ್ಲಿ ಬೇರೆಯೇ ಅರ್ಥ ಪಡೆದಿವೆ. ಕನ್ನಡದಲ್ಲಿ ಅವು ಸರಿಯೇ, ತಿದ್ದುವ ಅಗತ್ಯವಿಲ್ಲ. ಹೊರಗಿನವರ ಜೊತೆ ಮಾತಾಡುವಾಗ ಮಾತ್ರ ಎಚ್ಚರ.

‘ಬಾಸ್ ಫೈರ್ ಮಾಡಿದ್ರು’ ಎಂದರೆ ನಮಗೆ ಚೆನ್ನಾಗಿ ಬೈದರು. ‘ಮೈ ಬಾಸ್ ಫೈರ್ಡ್ ಮಿ’ ಎಂದರೆ ಕೆಲಸದಿಂದ ತೆಗೆದರು. ಅನ್ನಬೇಕಾದದ್ದು ‘ಮೈ ಬಾಸ್ ಟೋಲ್ಡ್ ಮಿ ಆಫ್’ ಅಥವಾ ‘ಯೆಲ್ಡ್ ಆ್ಯಟ್ ಮಿ’. ‘ಸ್ಕೋಲ್ಡೆಡ್’ ವ್ಯಾಕರಣಕ್ಕೆ ಸರಿ, ಆದರೆ ಅದು ಹೆಚ್ಚಾಗಿ ಮಕ್ಕಳನ್ನು ಗದರಿಸುವ ಪದ. ಮೂವತ್ತೈದರ ಎಂಜಿನಿಯರ್ ಬಾಯಲ್ಲಿ ವಿಚಿತ್ರವಾಗಿ ಕೇಳುತ್ತದೆ.

‘ಅವಳು ಫೀಲ್ ಆದ್ಲು’ ಎಂಬುದಕ್ಕೆ ‘ಶಿ ಫೆಲ್ಟ್’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೇ ನಿಂತಿತು. ‘ಶಿ ಫೆಲ್ಟ್ ಬ್ಯಾಡ್’ ಎಂದರೆ ಅವಳಿಗೆ ತಾನು ತಪ್ಪು ಮಾಡಿದೆ ಎಂಬ ಅಳುಕು, ಇಲ್ಲವೇ ಇನ್ನೊಬ್ಬರ ಬಗ್ಗೆ ಮರುಕ ಎಂದು ತಿಳಿಯುವವರೇ ಹೆಚ್ಚು. ನಿಮ್ಮ ಮಾತಿನಿಂದ ನೊಂದಳು ಎನ್ನಲು ‘ಶಿ ವಾಸ್ ಹರ್ಟ್ ಬೈ ವಾಟ್ ಯು ಸೆಡ್’. ತಮಾಷೆಗೆ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಂಡು ಮುಖ ಗಂಟಿಕ್ಕಿದವರಿಗೆ ನಾವು ‘ಸೀರಿಯಸ್ ಆಗ್ಬಿಟ್ರು’ ಎನ್ನುತ್ತೇವಲ್ಲ, ಅದು ‘ಹಿ ಟುಕ್ ಅಫೆನ್ಸ್’ ಅಥವಾ ‘ಹಿ ಟುಕ್ ಇಟ್ ಬ್ಯಾಡ್ಲಿ’. ‘ಮೂಡ್ ಆಫ್’ ಭಾರತ ಉಪಖಂಡದ ಆಚೆ ನಡೆಯುವುದಿಲ್ಲ, ‘ಐಯಾಮ್ ಇನ್ ಅ ಬ್ಯಾಡ್ ಮೂಡ್’ ಎನ್ನಬೇಕು. ‘ಡೋಂಟ್ ಟೇಕ್ ಟೆನ್ಷನ್’ ಬದಲು ‘ಡೋಂಟ್ ವರಿ’.

ಆಫೀಸಿನ ಮೇಲ್

ಈ ಮೂರು ಸಾಲು ನೋಡಿ: ‘ವೈ ಯು ಹ್ಯಾವ್ ನಾಟ್ ಸೆಂಟ್ ದ ರಿಪೋರ್ಟ್? ಐಯಾಮ್ ವೆರಿ ಡಿಸಪಾಯಿಂಟಿಂಗ್ ಆನ್ ಯು. ಕೈಂಡ್ಲಿ ಡು ದ ನೀಡ್‌ಫುಲ್.’

ಮೊದಲ ಸಾಲಿನಲ್ಲಿ ಪದಗಳ ಕ್ರಮ ತಪ್ಪಿದೆ, ‘ವೈ ಹ್ಯಾವ್ ಯು ನಾಟ್’ ಆಗಬೇಕು. ಸರಿಮಾಡಿದರೂ ಅದು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೇ. ಎರಡನೆಯ ಸಾಲಿನಲ್ಲಿ ಬರೆದವರು ತಮ್ಮನ್ನೇ ನಿರಾಶಾದಾಯಕ ಎಂದು ಕರೆದುಕೊಂಡಿದ್ದಾರೆ. ಮೂರನೆಯದು ಭಾರತದ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತು, ಹೊರದೇಶದವರಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಇಷ್ಟೆಲ್ಲ ಬೈದರೂ ಯಾವ ರಿಪೋರ್ಟ್, ಯಾವಾಗ ಬೇಕು ಎಂಬುದು ಎಲ್ಲೂ ಇಲ್ಲ.

ಕೆಲಸ ಆಗಬೇಕಾದರೆ ಈ ಕ್ರಮ ಹಿಡಿಯಿರಿ: ಏನಾಗಬೇಕಿತ್ತು, ಏನಾಯಿತು, ಅದರಿಂದ ಏನು ತೊಂದರೆ, ಈಗ ಏನು ಬೇಕು, ಯಾವಾಗ. ‘ವಿ ವರ್ ಎಕ್ಸ್‌ಪೆಕ್ಟಿಂಗ್ ದ ಸೇಲ್ಸ್ ರಿಪೋರ್ಟ್ ಆನ್ ಮಂಡೇ, ಬಟ್ ಇಟ್ ಹ್ಯಾಸ್ ನಾಟ್ ಅರೈವ್ಡ್ ಯೆಟ್. ವಿದೌಟ್ ಇಟ್, ವಿ ಕಾಂಟ್ ಕ್ಲೋಸ್ ದ ಮಂತ್. ಕುಡ್ ಯು ಸೆಂಡ್ ಇಟ್ ಬೈ ಫೋರ್ ಪಿ.ಎಂ. ಟುಡೇ?’ ಇದರಲ್ಲಿ ‘ನೀನು ಮಾಡಲಿಲ್ಲ’ ಎಂಬ ಮಾತೇ ಇಲ್ಲ; ರಿಪೋರ್ಟ್ ಬಂದಿಲ್ಲ, ಅಷ್ಟೆ. ಬೇಜಾರಿನ ಪದ ಒಂದೂ ಇಲ್ಲದಿದ್ದರೂ ಓದಿದವರಿಗೆ ಬಿಸಿ ತಟ್ಟುತ್ತದೆ.

ಎರಡನೇ ಸಲವೂ ಬರಲಿಲ್ಲ ಎಂದರೆ ‘ಐಯಾಮ್ ಕನ್ಸರ್ನ್ಡ್ ದಟ್’ ಎಂದು ಶುರುಮಾಡಿ. ಮೂರನೇ ಸಲಕ್ಕೆ ‘ಐಯಾಮ್ ಡಿಸಪಾಯಿಂಟೆಡ್ ದಟ್’. ‘ಅನ್‌ಆ್ಯಕ್ಸೆಪ್ಟಬಲ್’ ಕೊನೆಯ ಪದ, ಅದರ ಮೇಲೆ ಇನ್ನೊಂದಿಲ್ಲ. ಮೊದಲ ಮೇಲ್‌ನಲ್ಲೇ ಬಳಸಿದರೆ ಮುಂದಿನ ಸಲ ಹೇಳಲು ನಿಮ್ಮಲ್ಲಿ ಏನೂ ಉಳಿಯುವುದಿಲ್ಲ. ‘ಆ್ಯಸ್ ಪರ್ ಮೈ ಲಾಸ್ಟ್ ಮೇಲ್’ ಸಭ್ಯವಾಗಿ ಕಂಡರೂ ‘ಓದೋಕೆ ಬರಲ್ವಾ?’ ಎಂಬಂತೆ ಮುಟ್ಟುತ್ತದೆ, ಬೇಕೆಂದೇ ಚುಚ್ಚುವುದಿದ್ದರೆ ಬೇರೆ ಮಾತು. ದೊಡ್ಡಕ್ಷರಗಳಲ್ಲಿ ಬರೆಯುವುದು, ಸಾಲಿನ ಕೊನೆಗೆ ಮೂರು ಆಶ್ಚರ್ಯಸೂಚಕ ಹಾಕುವುದು ಎರಡೂ ಕಿರುಚಾಟವೇ.

ಬ್ಯಾಂಕಿಗೆ, ಅಂಗಡಿಗೆ ದೂರು

ಮೊದಲು ಒಂದು ಅಕ್ಷರದ ವಿಷಯ. ‘ಕಂಪ್ಲೇನ್’ ಕ್ರಿಯಾಪದ, ‘ಕಂಪ್ಲೇಂಟ್’ ನಾಮಪದ. ‘ಐ ವಾಂಟ್ ಟು ಕಂಪ್ಲೇಂಟ್’ ತಪ್ಪು. ‘ಐ ವಾಂಟ್ ಟು ಕಂಪ್ಲೇನ್’ ಅಥವಾ ‘ಐ ವಾಂಟ್ ಟು ಮೇಕ್ ಅ ಕಂಪ್ಲೇಂಟ್’ ಎನ್ನಿ. ಏನು ತೊಂದರೆ ಎಂಬುದಕ್ಕೆ ‘ಅಬೌಟ್’, ಯಾರಲ್ಲಿ ದೂರು ಎಂಬುದಕ್ಕೆ ‘ಟು’. ‘ಕಂಪ್ಲೇನ್ ಆಫ್’ ಎಂದರೆ ಹೆಚ್ಚಾಗಿ ಡಾಕ್ಟರಿಗೆ ಹೇಳುವ ನೋವು: ‘ಹಿ ಕಂಪ್ಲೇನ್ಡ್ ಆಫ್ ಚೆಸ್ಟ್ ಪೇನ್’.

ದೂರಿನ ಪತ್ರದಲ್ಲಿ ಸಿಟ್ಟಿನ ಪದಗಳಿಗೆ ಬೆಲೆ ಕಡಿಮೆ, ಕಾನೂನಿನ ಪದಗಳಿಗೆ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ದೋಷಕ್ಕೆ ‘ಡಿಫೆಕ್ಟ್’, ಸೇವೆಯ ಕೊರತೆಗೆ ‘ಡಿಫಿಷಿಯೆನ್ಸಿ’, ಮೋಸದ ವ್ಯಾಪಾರಕ್ಕೆ ‘ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್’ ಎಂದಿದೆ. ಫ್ರಿಜ್ ಕೆಟ್ಟದ್ದು ಡಿಫೆಕ್ಟ್, ರಿಪೇರಿಗೆ ಹೇಳಿದ ದಿನ ಬಾರದಿರುವುದು ಡಿಫಿಷಿಯೆನ್ಸಿ. ‘ಯುವರ್ ಕಂಪನಿ ಈಸ್ ಚೀಟಿಂಗ್ ಪೀಪಲ್’ ಎಂದು ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ. ‘ದಿಸ್ ಅಮೌಂಟ್ಸ್ ಟು ಡಿಫಿಷಿಯೆನ್ಸಿ ಇನ್ ಸರ್ವೀಸ್’ ಎಂದು ಬರೆದರೆ ಮುಂದಿನ ಹೆಜ್ಜೆ ನಿಮಗೆ ಗೊತ್ತಿದೆ ಎಂದು ಅವರಿಗೆ ತಿಳಿಯುತ್ತದೆ.

ಕೇಳದ ಕಾರ್ಡಿಗೆ ಬ್ಯಾಂಕ್ ಶುಲ್ಕ ಮುರಿದುಕೊಂಡಿದೆ ಎಂದಿಟ್ಟುಕೊಳ್ಳಿ. ಇಷ್ಟು ಬರೆದರೆ ಸಾಕು: ‘ಆನ್ 3 ಜೂನ್, 590 ರುಪೀಸ್ ವಾಸ್ ಡೆಬಿಟೆಡ್ ಫ್ರಮ್ ಮೈ ಅಕೌಂಟ್ ಆ್ಯಸ್ ಅ ಕಾರ್ಡ್ ಫೀ. ಐ ಡಿಡ್ ನಾಟ್ ರಿಕ್ವೆಸ್ಟ್ ದಿಸ್ ಕಾರ್ಡ್. ಪ್ಲೀಸ್ ರಿವರ್ಸ್ ದ ಚಾರ್ಜ್ ಅಂಡ್ ಕನ್ಫರ್ಮ್ ಬೈ ಇಮೇಲ್.’ ದಿನಾಂಕ, ಮೊತ್ತ, ಕಾರಣ, ಬೇಡಿಕೆ. ದೂರಿನ ನಂಬರ್ ಪಡೆದು ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿಗೆ ಅಂಚೆಯಲ್ಲಿ ಕಳಿಸುವ ದೂರು ಯಾವ ಭಾಷೆಯಲ್ಲಾದರೂ ಇರಬಹುದು. ಗ್ರಾಹಕ ಸಹಾಯವಾಣಿ 1915ಕ್ಕೂ ಕನ್ನಡದಲ್ಲೇ ಮಾತಾಡಲು ಕೇಳಿನೋಡಿ. ತಡವರಿಸುವ ಇಂಗ್ಲಿಷಿಗಿಂತ ನೇರ ಕನ್ನಡ ಎಷ್ಟೋ ವಾಸಿ.

ಹತ್ತಿರದವರ ಜೊತೆ

ಗೆಳೆಯರು, ಗಂಡ ಹೆಂಡತಿ, ರೂಮ್‌ಮೇಟ್ ಜೊತೆ ‘ಯು ಆಲ್ವೇಸ್’, ‘ಯು ನೆವರ್’ ಎಂದು ಶುರುಮಾಡಿದರೆ ಮಾತು ಅಲ್ಲೇ ಕೆಡುತ್ತದೆ. ಎದುರಿನವರು ‘ಯಾವಾಗಲೂ ಅಲ್ಲ, ಹೋದ ವಾರ ಮಾಡಿದ್ದೆ’ ಎಂದು ಲೆಕ್ಕಕ್ಕೆ ಇಳಿಯುತ್ತಾರೆ. ‘ಐ ಫೆಲ್ಟ್ ಹರ್ಟ್ ವೆನ್ ಯು ಡಿಡಂಟ್ ಕಾಲ್’ ಎಂದರೆ ವಾದಿಸಲು ಜಾಗವಿಲ್ಲ. ‘ಫೈನ್’ ಎಂದು ಚಿಕ್ಕದಾಗಿ ಕಡಿದು ಹೇಳಿದರೆ ಚೆನ್ನಾಗಿದೆ ಎಂದಲ್ಲ, ‘ಆಯ್ತು ಬಿಡು’ ಎಂಬ ಮುನಿಸು. ‘ವಾಟೆವರ್’ ಅದಕ್ಕಿಂತ ಉಡಾಫೆ, ದೊಡ್ಡವರ ಮುಂದೆ ಸಲ್ಲ.

ಥಟ್ಟನೆ ಬಾಯಿಗೆ ಬರಬೇಕಾದ ಉದ್ಗಾರಗಳಲ್ಲಿ ‘ಓಹ್, ಕಮ್ ಆನ್!’, ‘ಸೀರಿಯಸ್ಲಿ?’, ‘ಫಾರ್ ಗುಡ್‌ನೆಸ್ ಸೇಕ್!’ ಎಲ್ಲ ಕಡೆ ನಡೆಯುತ್ತವೆ. ‘ಬ್ಲಡಿ’ ನಮ್ಮಲ್ಲಿ ಬಲು ಸಲೀಸು, ಅಪರಿಚಿತರ ಮುಂದೆ ಬೇಡ. ‘ಶಟ್ ಅಪ್’ ಸ್ನೇಹಿತರ ನಡುವೆ ನಗು, ಬೇರೆಯವರಿಗೆ ಅವಮಾನ.

ಉಚ್ಚಾರಣೆಯಲ್ಲಿ ಐದು ಕಡೆ ನಾಲಿಗೆ ತಪ್ಪುತ್ತದೆ. ‘ಅನಾಯ್ಡ್’ ಎರಡೇ ಉಸಿರು, ‘ಅನಾಯೆಡ್’ ಅಲ್ಲ. ‘ಅಪ್‌ಸೆಟ್’ನಲ್ಲಿ ಒತ್ತು ‘ಸೆಟ್’ ಮೇಲೆ, ‘ಇರಿಟೇಟೆಡ್’ನಲ್ಲಿ ಮೊದಲಕ್ಷರದ ಮೇಲೆ. ‘ರಿಜೆಂಟ್’ ಅನ್ನು ‘ರೀಸೆಂಟ್’ ಎಂದರೆ ‘ಇತ್ತೀಚಿನ’ ಎಂಬ ಬೇರೆಯೇ ಪದವಾಗುತ್ತದೆ. ‘ಡಿಸಪಾಯಿಂಟೆಡ್’ಗೆ ಒತ್ತು ‘ಪಾಯಿಂಟ್’ ಮೇಲೆ. ಬರೆಯುವಾಗ ಒಂದೇ ಎಸ್, ಎರಡು ಪಿ.